ಕೇಳಬಹುದು, ಹೇಳಬಾರದು

ಕಿವಿಯೊಳಗೇ ಕೂತು ಯಾರೋ ಏನನ್ನೋ ಜಗಿಯುತ್ತಿದ್ದಾರೆ, ಒದ್ದೆ ಸದ್ದು, ನಾಲಿಗೆ ಅಂಗುಳಕ್ಕೆ ಅಂಟಿ ಬಿಡುವ ಚಪ್ ಚಪ್, ಥೂ, ಬಾಯಲ್ಲಿ ತುತ್ತಿಟ್ಟುಕೊಂಡು ರೇಡಿಯೊ ಗುಂಡಿ ಒತ್ತುವವರಿಗೆ ಹೇಳುವವರು ಕೇಳುವವರು ಯಾರೂ ಇಲ್ಲವೇ — ಕುರೊಯಿವಾ ಶಿಗೆಮಿ ಇಯರ್‌ಫೋನ್ ಕಿತ್ತು ಅಂಗಿಯ ಚುಂಗಿಗೆ ಒರೆಸಿ ಮತ್ತೆ ಸಿಕ್ಕಿಸಿಕೊಂಡ, ಎಂಜಲು ತಂತಿಯೊಳಗಿಂದ ಹರಿದು ಬಂದಿರಬಹುದು ಅನ್ನುವ ಹಾಗೆ. ಯಾರ ರೇಡಿಯೊ ಮಾತನ್ನೂ ಹಿಡಿಯುವ ಅಂಗೈಯಗಲದ ಯಂತ್ರ ತೊಡೆಯ ಮೇಲಿದೆ, ಅಂಕಿಗಳು ಓಡುತ್ತಿವೆ, ಮಾತಿರುವ ಕಡೆ ನಿಲ್ಲುತ್ತವೆ, ಇಲ್ಲದ ಕಡೆ ಹಾರುತ್ತವೆ, ಅವನಿಗೆ ಬೇಕಾಗಿದ್ದದ್ದು ಕೊಮಾತ್ಸು ವಾಯುನೆಲೆಯ ಯುದ್ಧವಿಮಾನಗಳು, ಹನ್ನೊಂದು ಗಂಟೆಗೆ ಎರಡು ಜೋಡಿ ಏರುತ್ತವೆ, ಪೈಲಟ್ಟುಗಳ ಚೊಕ್ಕ ಮಾತು, ನಾಲ್ಕು ಶಬ್ದ, ಮುಗಿಯಿತು, ಅದರಲ್ಲಿ ಜೊಲ್ಲಿಲ್ಲ, ನಗೆಯಿಲ್ಲ. ಸಿಕ್ಕಿದ್ದು ಈ ಜಗಿತ. ಇಷ್ಟು ಜೋರಾಗಿ ಬರಬೇಕಾದರೆ ಎದುರಿನ ಅಂಗಡಿಯೊಳಗಿನ ಕಾವಲಿನವರೇ ಇರಬೇಕು. ಫುಸಾಯೆ ಒಳಗೆ ಹೋಗಿ ಇಪ್ಪತ್ತು ನಿಮಿಷವಾಯಿತು, ಹೆಂಡತಿ ಸಾಮಾನು ಕೊಳ್ಳುವಷ್ಟು ಹೊತ್ತು ಅವನು ಹೊರಗೆ ಬೆಂಚಿನ ಮೇಲೆ, ಮದುವೆಯಾದಾಗಿನಿಂದ ಹೀಗೇ, ಮೀನಿನ ನಾತ ಮತ್ತು ಅಂಗಡಿಯ ಆ ಹಾಡು ಎರಡೂ ಅವನಿಗೆ ಆಗುವುದಿಲ್ಲ. ಬಂದ್ಲು ಬಂದ್ಲು, ನಮ್ಮ ಹಾವುಮೀನಮ್ಮ ಬಂದ್ಲು — ಹೆಂಗಸಿನ ದನಿ, ಚಿಕ್ಕ ವಯಸ್ಸು. ಯಾರು, ಆ ಸಾಸಿವೆ ಬಣ್ಣದ ಟೋಪೀದಾ — ಜಗಿಯುವವನು. ಅವಳೇ ಸಾರ್, ಎಡಗಾಲು ಎಳೆದೆಳೆದು ಹಾಕ್ತಾಳಲ್ಲ, ಕೊಕ್ಕರೆ ಚಿತ್ರದ ಚೀಲ. ಇರು, ನುಂಗಿಬಿಡ್ತೀನಿ, ಇವತ್ತು ಬಿಡೋದು ಬೇಡ.

ಅಂಕಿಗಳು ನಿಂತಿವೆ, ಅವನೇ ಗುಂಡಿ ಒತ್ತಿ ನಿಲ್ಲಿಸಿದ್ದಾನೆ, ಯಾವಾಗ ಒತ್ತಿದನೋ ಗೊತ್ತಿಲ್ಲ. ಸಾಸಿವೆ ಬಣ್ಣದ ಟೋಪಿ ಊರಲ್ಲಿ ನೂರು ಜನ ಹಾಕುತ್ತಾರೆ, ಇವತ್ತು ಬೆಳಿಗ್ಗೆಯೇ ಫುಸಾಯೆಗೆ ಅಂದಿದ್ದ, ಏನೇ ಅದು ತಲೆ ಮೇಲೆ, ಸೆಗಣಿ ತಟ್ಟಿದ ಹಾಗಿದೆ, ಅವಳು ನಕ್ಕು ಟೋಪಿಯನ್ನು ಇನ್ನಷ್ಟು ಕೆಳಗೆಳೆದುಕೊಂಡಿದ್ದಳು, ಎಡಮಂಡಿಯ ಆಪರೇಷನ್ ಹಿಂದಿನ ವಸಂತದಲ್ಲಿ, ಕೊಕ್ಕರೆಯ ಚೀಲ ಅವಳೇ ಹೊಲಿದದ್ದು, ಅಂಥದ್ದು ಊರಲ್ಲಿ ಒಂದೇ. ಹೋದ್ಸಲ ಎರಡು ಪೊಟ್ಟಣ ಸಾರ್, ಅದಕ್ಕೂ ಮುಂಚೆ ದೊಡ್ಡದೊಂದು. ಹಾವುಮೀನು, ಅಂಗಡಿಯಲ್ಲೇ ದುಬಾರಿ. ಹೋದ ಮಂಗಳವಾರ ಬಟ್ಟಲಿನ ಮುಚ್ಚಳ ತೆಗೆದಾಗ ಆವಿ ಮುಖಕ್ಕೆ ಬಡಿದಿತ್ತು, ಕಂದು ಗೊಜ್ಜು ಅನ್ನಕ್ಕೆಲ್ಲ ಇಳಿದು ಮಿರಿಮಿರಿ, ಏನಿವತ್ತು ವಿಶೇಷ ಅಂದರೆ, ಏನಿಲ್ಲಪ್ಪ, ನಿಮಗಿಷ್ಟ ಅಂತ, ಅವಳ ಬಟ್ಟಲಲ್ಲಿ ತೋಫು. ಅವನು ಎರಡು ಪೊಟ್ಟಣವನ್ನೂ ತಿಂದ, ತಿಂದು ಅಂದ, ಪರವಾಗಿಲ್ಲ, ಗೊಜ್ಜು ಸ್ವಲ್ಪ ಸಿಹಿ ಜಾಸ್ತಿ. ಕದ್ದದ್ದಕ್ಕೆ ಕೊಂಕು ಬೇರೆ ತೆಗೆದೆನಲ್ಲ. ಒಂದು ವಾರದ ಹಿಂದಿನ ಸಿಹಿ ಈಗ ತೇಗಿನಲ್ಲಿ ಬಂತು, ಉಗಿದ, ಕಾದ ಟಾರಿನ ಮೇಲೆ ಉಗುಳು ಬಿದ್ದಲ್ಲೇ ಒಣಗುತ್ತಿದೆ. ಕಳ್ಳಿ. ನನ್ನ ಮನೆಯಲ್ಲಿ, ನಲವತ್ತೊಂದು ವರ್ಷ, ಒಂದೇ ಚಾಪೆಯ ಮೇಲೆ. ಪಾಪ ಗಂಡ ಸತ್ತಿರ್ಬೇಕು ಸಾರ್, ಬೇಜಾರಿಗೆ ತಿಂತಾಳೆ. ಒಬ್ಳೇ ಎರಡು ಪೊಟ್ಟಣ ತಿಂತಾಳೇನೇ ಪೆದ್ದಿ, ಮನೇಲಿ ಯಾವನೋ ಹೊಟ್ಟೆಬಾಕ ಕೂತಿದಾನೆ. ಇಬ್ಬರೂ ನಕ್ಕರು. ನಗುತ್ತಾರೆ, ಸಂಬಳಕ್ಕೆ ಕಾಯುವ ಈ ಹದ್ದುಗಳು ಗುಂಡಿ ಒತ್ತಿಟ್ಟುಕೊಂಡೇ ನಗುತ್ತಾರೆ, ಯಾರೂ ಕೇಳುವುದಿಲ್ಲ ಅಂದುಕೊಂಡು.

ಆದರೆ ಬಾಗಿಲು ದಾಟುವವರೆಗೂ ಅದು ಕಳ್ಳತನವಲ್ಲ, ಇದು ಅವನಿಗೆ ಗೊತ್ತು, ಅವರಿಗೂ ಗೊತ್ತು, ಅದಕ್ಕೇ ಹಿಡಿಯದೆ ಕಾಯುತ್ತಿದ್ದಾರೆ, ಒಳಗಿರುವಾಗಲೇ ತಡೆದರೆ ಅಯ್ಯೋ ಮರೆತೆ ಅಂದುಬಿಡುತ್ತಾಳೆ. ಒಳಗೆ ಅವಳ ತನಕ ಐವತ್ತು ಹೆಜ್ಜೆ. ಎದ್ದು ಹೋಗಿ, ಫುಸಾಯೆ, ಚೀಲದಲ್ಲಿರೋದಕ್ಕೆ ದುಡ್ಡು ಕೊಟ್ಯಾ — ಇಷ್ಟೇ, ಅಲ್ಲಿಗೆ ಮುಗಿಯಿತು. ಮತ್ತೆ ಕಲಮು ಐವತ್ತೊಂಬತ್ತು? ಕೇಳಬಹುದು, ಕೇಳಿದ್ದನ್ನು ಇನ್ನೊಬ್ಬರಿಗೆ ಹೇಳಬಾರದು, ತನಗಾಗಿ ಬಳಸಿಕೊಳ್ಳಬಾರದು, ರೇಡಿಯೊ ಕಾನೂನು, ಅವನ ರೇಡಿಯೊ ಕೇಳುಗರ ಸಂಘದ ಗೋಡೆಯ ಮೇಲೆ ಅವನದೇ ಕುಂಚದ ಬರಹದಲ್ಲಿ ತೂಗುತ್ತಿದೆ. ತಿಂಗಳಿಗೊಮ್ಮೆ ಹನ್ನೊಂದು ಜನ ಗಂಡಸರು ಸೇರಿ ಯಂತ್ರ ತೋರಿಸುತ್ತಾರೆ, ಆಂಟೆನಾ ಕಂಬಿ ತೋರಿಸುತ್ತಾರೆ, ಈ ಸಲ ಚೆನ್ನಾಗಿ ಕೇಳಿಸ್ತು ಅನ್ನುತ್ತಾರೆ, ಏನು ಕೇಳಿಸ್ತು ಅಂತ ಒಬ್ಬನೂ ಕೇಳುವಂತಿಲ್ಲ, ಅವರಲ್ಲೊಬ್ಬ ಹಮಾಜಿ ಒಮ್ಮೆ ಬಾಯಿಬಿಡಲು ಹೋದಾಗ ಶಿಗೆಮಿಯೇ ಮೇಜು ಗುದ್ದಿದ್ದ, ಹಮಾಜಿ, ಬಾಯಿ ಹೊಲ್ಕೊಳ್ರೀ, ನಾವೇನು ಚಾಡಿಕೋರರಾ. ಎಷ್ಟು ಹೆಮ್ಮೆ. ಪಕ್ಕದ ಮನೆಯ ಒಗುಶಿಯ ಹೆಂಡತಿ, ತಂತಿಯಿಲ್ಲದ ಫೋನು ಹೊಸದಾಗಿ ಬಂದ ಕಾಲ, ಮಧ್ಯಾಹ್ನ ಮಧ್ಯಾಹ್ನ ಅವಳ ದನಿ ಯಂತ್ರದೊಳಗೆ ಬರುತ್ತಿತ್ತು, ಅಕ್ಕಾ, ಇವತ್ತೂ ಹೊಡೆದ್ರು, ಬೆಲ್ಟಲ್ಲಿ, ಅವನು ಟೀ ಕುಡಿಯುತ್ತ ಕೇಳುತ್ತಿದ್ದ, ಎರಡು ವರ್ಷ ಕೇಳಿದ, ಒಂದು ದಿನವೂ ತಪ್ಪಿಸಲಿಲ್ಲ, ಒಬ್ಬರಿಗೂ ಹೇಳಲಿಲ್ಲ. ಫುಸಾಯೆ ಮೂಲಂಗಿ ಉಪ್ಪಿನಕಾಯಿ ಕೊಟ್ಟುಬರಲು ಹೋಗಿ ಬಂದು, ಇಷ್ಟು ಸೆಖೇಲೂ ಉದ್ದ ತೋಳು ಹಾಕ್ಕೊಂಡಿದಾಳಲ್ರೀ ಅಂದರೆ, ಹೌದಾ ಅಂದ. ಆ ಹೆಂಗಸು ಆಸ್ಪತ್ರೆಗೆ ಹೋದವಳು ವಾಪಸು ಬರಲಿಲ್ಲ, ಅಕ್ಕನ ಊರಿಗೆ ಹೋದಳಂತೆ, ಒಂದು ಕಣ್ಣು ಹೋಯಿತಂತೆ. ನಿಮಗೇನಾದ್ರೂ ಗೊತ್ತಿತ್ತಾ, ಪೆಟ್ಟಿಗೆ ಕಿವಿಗಿಟ್ಕೊಂಡೇ ಇರ್ತೀರಲ್ಲ, ಅಂದಿದ್ದಳು ಫುಸಾಯೆ. ನನಗೇನು ಗೊತ್ತು. ಕಾನೂನು ಮುರಿಯಲಿಲ್ಲ ಅಂತ ಆ ರಾತ್ರಿ ನೆಮ್ಮದಿಯಾಗಿ ಮಲಗಿದ್ದ, ಅದನ್ನು ನೆನೆದರೆ ಈಗ ತನ್ನ ಮೈ ತನಗೇ ನಾರುತ್ತದೆ.

ಕ್ಯಾಮೆರಾದಲ್ಲಿ ನೋಡಿ ಸಾರ್ ಆ ಕೈ ನೋಡಿ, ಎಡಗೈ, ಎಷ್ಟು ಮೆತ್ತಗೆ ಇಳಿಸ್ತಾಳೆ ಚೀಲದೊಳಗೆ, ಮಗು ಮಲಗಿಸೋ ಹಾಗೆ. ಆ ಕೈ ಅವನಿಗೆ ಗೊತ್ತು, ಉಂಗುರ ಬಿಗಿಯಾಗಿ ಬೆರಳು ಊದಿದ ಕೈ, ಅವನ ಬೆನ್ನಿಗೆ ಪ್ಲಾಸ್ಟರು ಹಚ್ಚುವ ಕೈ, ಅವನ ತಾಯಿಯ ಹೇಲು ತೊಳೆದ ಕೈ, ಕದಿಯುವ ಕೈ, ಥೂ, ಎರಡೂ ಒಂದೇ ಕೈ. ದುಡ್ಡಿಲ್ಲವೇ, ಇದೆ, ಕೇಳಿದ್ದರೆ ಕೊಡುತ್ತಿರಲಿಲ್ಲವೇ, ಕೇಳಿರಬಹುದು, ಯಾವಾಗಲೋ ಏನೋ ಹೇಳುತ್ತಿದ್ದಳು, ಕಿವಿಯಲ್ಲಿ ವಿಮಾನವಿತ್ತು, ಆಮೇಲೆ ಹೇಳು ಅಂದಿದ್ದ. ಎದ್ದ, ಅರ್ಧ ಎದ್ದ, ಮಂಡಿ ಲಟಕ್ಕೆಂದಿತು. ತೋಫು, ಈರುಳ್ಳಿ ಸೊಪ್ಪು, ಅಷ್ಟಕ್ಕೇ ದುಡ್ಡು ಕೊಟ್ಲು ಸಾರ್. ಸರಿ, ಹಿಂದೇನೇ ಹೋಗು, ಮೈಗಂಟಿಕೊಂಡು ಹೋಗ್ಬೇಡ. ಇನ್ನೂ ಹೊತ್ತಿದೆ, ಬಾಗಿಲಿಗೆ ಮೂವತ್ತು ಹೆಜ್ಜೆ, ಬಿರುಸಾಗಿ ನಡೆದರೆ ಸಾಕು, ಏನೂ ಹೇಳದೆ ಚೀಲ ಕಿತ್ತುಕೊಂಡರೂ ಸಾಕು — ಅದೂ ಬಳಸಿಕೊಂಡಂತೆಯೇ, ಕೇಳಿದ್ದನ್ನು ಬಳಸಿಕೊಂಡಂತೆ, ಗೋಡೆಯ ಮೇಲೆ ನನ್ನದೇ ಅಕ್ಷರ, ಹಮಾಜಿ ಏನೆಂದಾನು, ಮೇಲಾಗಿ ಕದ್ದವಳು ಅವಳು, ನಾನಲ್ಲ, ಅನುಭವಿಸಲಿ. ಕೂತ.

ಗಾಜಿನ ಬಾಗಿಲು ಎರಡಾಗಿ ಸರಿಯಿತು, ಅಂಗಡಿಯ ಹಾಡು ಹೊರಗೆ ಚೆಲ್ಲಿತು, ಫುಸಾಯೆ ಎಡಗಾಲು ಎಳೆಯುತ್ತ ಬಿಸಿಲಿಗೆ ಬಂದಳು, ಗೆರೆ ದಾಟಿದಳು, ಬೆಂಚಿನತ್ತ ನೋಡಿ ಕೈ ಎತ್ತಿದಳು, ಯಾವಾಗಲೂ ಎತ್ತುವ ಹಾಗೆ, ಇಲ್ಲಿದೀನಿ ಕಣ್ರೀ. ನಿಲ್ಲು, ಈಗ್ಲೇ ಹಿಡೀಬೇಡ, ಕಿವಿಯೊಳಗೆ ಗಂಡಸಿನ ದನಿ, ಯಾರಿಗೋ ಕೈ ಎತ್ತಿದಾಳೆ, ಜೊತೆಗಾರ ಇದಾನೆ. ಬೆಂಚಿನ ಮೇಲೊಬ್ಬ ಮುದುಕ ಇದಾನೆ ಸಾರ್, ಕಿವೀಲಿ ಏನೋ ಸಿಕ್ಕಿಸ್ಕೊಂಡಿದಾನೆ. ಅವನು ಕೈ ಎತ್ತಿದ್ರೆ ಇಬ್ಬರನ್ನೂ ಒಳಗೆ ಕರ್ಕೊಂಡು ಹೋಗೋಣ, ನೋಡ್ತಿರು. ಮುದುಕ ನೋಡುತ್ತಿದ್ದಾನೆ, ಮುದುಕನ ಬಲಗೈ ತೊಡೆಯ ಮೇಲೆ ಇದೆ, ಅದು ಏಳಬೇಕು, ಕೈ ಎತ್ತಿದವಳಿಗೆ ಕೈ ಎತ್ತುವುದಕ್ಕೆ ಯಾವ ಕಲಮೂ ಅಡ್ಡ ಬರುವುದಿಲ್ಲ — ಅವನ ಕತ್ತು ತಿರುಗಿತು, ತಾನೇ ತಾನಾಗಿ, ಆಕಾಶದ ಕಡೆ, ವಿಮಾನ ಹುಡುಕುವವನ ಹಾಗೆ, ಯಾರಿವಳು ನನಗೆ ಗೊತ್ತೇ ಇಲ್ಲ ಅನ್ನುವವನ ಹಾಗೆ. ಆಕಾಶದಲ್ಲಿ ಏನೂ ಇಲ್ಲ. ಅವನಲ್ಲ ಸಾರ್, ಬೇರೆ ಯಾರೋ. ಹಾಗಾದ್ರೆ ಹೋಗು. ಕೇಳಿದ್ದನ್ನು ಬಳಸಿಕೊಂಡೆ, ಪೆಟ್ಟಿಗೆ ಹಿಡಿದ ನಲವತ್ತು ವರ್ಷದಲ್ಲಿ ಮೊದಲ ಸಲ, ಅವಳಿಗಾಗಿ ಅಲ್ಲ, ನನಗಾಗಿ, ಥೂ, ಥೂ ನಿನ್ನ — ಅಮ್ಮಾ, ಒಂದ್ನಿಮಿಷ, ದುಡ್ಡು ಕೊಡೋದೇನೋ ಮರೆತ್ರಾ — ಅದೇ ದನಿ ಕಿವಿಯೊಳಗೂ ಬಯಲಲ್ಲೂ ಒಟ್ಟಿಗೆ, ಅವನು ತಿರುಗಲಿಲ್ಲ, ಪಕ್ಕದ ಕಾರಿನ ಕಿಟಕಿಯ ಗಾಜಿನಲ್ಲಿ ಕಾಣಿಸುತ್ತಿದೆ, ಕಪ್ಪಗೆ, ಚಿಕ್ಕದಾಗಿ, ಅವಳ ಮುಖ ಕಾಣಿಸುತ್ತಿಲ್ಲ, ಕೈ ಮಾತ್ರ, ಅವನು ನೋಡಲಿ ಅಂತ ಎತ್ತಿದ್ದು, ಇನ್ನೂ ಇಳಿಸಿಲ್ಲ, ಆ ಕೈ, ಇಳಿಸಿಲ್ಲ, ಕೈ