ಮೊಳೆಗೆ ಚುಚ್ಚಿದ ಚೀಟಿ

ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವವನನ್ನು ಎಲ್ಲರೂ ತಣ್ಣೀರಣ್ಣ ಎನ್ನುತ್ತಿದ್ದರು. ಕೈಲಿಲ್ಲದ್ದಕ್ಕೆ ಕೊರಗಬೇಡ ಎನ್ನುವ ಸ್ಟೋಯಿಕ್ ತತ್ವದ ಹಳೇ ಪುಸ್ತಕವೊಂದು ಸಿಕ್ಕಂದಿನಿಂದ ಅವನಿಗೆ ಸಿಟ್ಟೂ ಇಲ್ಲ, ಸೆಡವೂ ಇಲ್ಲ. ಗೋಡೆಗೆ ಹಾಳೆ ಅಂಟಿಸಿ ನಡುವೆ ಗೆರೆ ಎಳೆದಿದ್ದ: ಎಡಕ್ಕೆ ‘ನನ್ನ ಕೈಲಿರುವುದು’, ಬಲಕ್ಕೆ ‘ಇಲ್ಲದ್ದು’. ಬಲಗಡೆ ಯಜಮಾನರ ಮುಂಗೋಪ, ಕರೆಂಟು, ಹೆಂಡತಿಯ ತಮ್ಮ ಎಲ್ಲ ಸೇರಿ ಜಾಗವೇ ಉಳಿದಿರಲಿಲ್ಲ. ಎಡಗಡೆ ಬೆಳ್ಳಗಿತ್ತು.

ಆ ಬೆಳಿಗ್ಗೆ ಹೊಲಿಗೆಯಮ್ಮನೊಬ್ಬಳು ಬೆರಳಿಗೆ ಬಟ್ಟೆ ಸುತ್ತಿಕೊಂಡು ಬಂದಳು. ಹೊಸ ಕನ್ನಡಕದಲ್ಲಿ ಸೂಜಿ ಎರಡಾಗಿ ಕಂಡು, ಇಲ್ಲದ ಸೂಜಿಯನ್ನು ತಪ್ಪಿಸಲು ಹೋಗಿ ಇರುವುದಕ್ಕೆ ಬೆರಳು ಕೊಟ್ಟಿದ್ದಳು. ಎಡಗಣ್ಣಿನ ಗಾಜು ಬಲಕ್ಕೆ, ಬಲದ್ದು ಎಡಕ್ಕೆ ಕೂತಿತ್ತು. ಯಜಮಾನರು ಹಿಂದುಮುಂದು ನೋಡದೆ ಕೌಂಟರಿನ ಅಕ್ಕನ ಮೇಲೆ ಹರಿಹಾಯ್ದರು. ನಂಬರು ಬರೆದುಕೊಂಡವಳು ಅವಳೇ ತಾನೆ? ಹದಿನಾಲ್ಕು ವರ್ಷ ಅಲ್ಲೇ ಕೂತವಳನ್ನು ಗಿರಾಕಿಗಳೆದುರೇ ಎಬ್ಬಿಸಿ, ನಾಳೆಯಿಂದ ಒಳಗೆ ಕೂತು ಡಬ್ಬಿ ಒರೆಸು ಎಂದರು.

ಒಳಗೆ ತಣ್ಣೀರಣ್ಣ ಮೊಳೆಗೆ ಚುಚ್ಚಿದ್ದ ಆ ಕನ್ನಡಕದ ನಂಬರಿನ ಚೀಟಿ ನೋಡಿದ. ಅಕ್ಕನ ಗುಂಡು ಅಕ್ಷರ. ಎರಡು ನಂಬರೂ ಸರಿಯಾಗಿವೆ. ಚೌಕಟ್ಟನ್ನು ಬೋರಲಾಗಿಟ್ಟುಕೊಂಡು ಎಡಬಲ ಮರೆತವನು ತಾನೇ. ಕೈ ತಾನಾಗಿ ಚೀಟಿ ಕಿತ್ತು ಜೇಬಿಗಿಳಿಸಿತು. ಕಣ್ಣೊರೆಸಿಕೊಳ್ಳುತ್ತ ಒಳಬಂದ ಅಕ್ಕನಿಗೆ, ಬೇರೆಯವರ ಮಾತು ನಮ್ಮ ಕೈಲಿಲ್ಲ, ಕೊರಗು ಬಿಡುವುದಷ್ಟೇ ನಮ್ಮ ಕೈಲಿರುವುದು ಎಂದು ಉಪದೇಶ ಮಾಡಿದ. ಮಾತು ಅವನ ಕಿವಿಗೇ ಇಂಪಾಗಿತ್ತು.

ಊಟದ ಹೊತ್ತಿಗೆ ಅಕ್ಕ ಒಂದು ಹಾಳೆ ಹಿಡಿದು ಬಂದಳು. ನಡುವೆ ಗೆರೆ.

“ನೀನು ಹೇಳಿದ್ಮೇಲೆ ಮನಸ್ಸು ಹಗುರಾಯ್ತು ಕಣೋ. ನಾನೇ ತಪ್ಪು ಬರ್ದಿರ್ಬೇಕು. ನೋಡು, ಇದು ಸರಿ ಇದೆಯಾ?”

ಎಡಗಡೆ ಬರೆದಿದ್ದಳು: ‘ತಪ್ಪು ಒಪ್ಪಿಕೊಳ್ಳುವುದು. ಇನ್ನು ಎರಡೆರಡು ಸಲ ಓದಿ ಬರೆಯುವುದು.’

ತಣ್ಣೀರಣ್ಣನ ಕಿವಿ ಕಾದವು. ಕೈಲಿದ್ದ ತುತ್ತನ್ನು ಬುತ್ತಿಗೇ ಹಾಕಿದ. ಅವನು ವರ್ಷವಿಡೀ ಉರು ಹೊಡೆದದ್ದನ್ನು ಅವಳು ಅರ್ಧ ದಿನದಲ್ಲಿ ಮಾಡಿ ತೋರಿಸಿದ್ದಳು, ಅದೂ ತಾನು ಮಾಡದ ತಪ್ಪಿಗೆ.

“ಅಕ್ಕಾ, ನೀನು ಸರಿಯಾಗೇ ಬರ್ದಿದ್ದೆ.” ಜೇಬಿನಿಂದ ಚೀಟಿ ತೆಗೆದ. “ಗಾಜು ಅದಲುಬದಲು ಮಾಡಿದ್ದು ನಾನು.”

ಅಕ್ಕ ಚೀಟಿ ನೋಡಿದಳು, ಮೊಳೆಯ ತೂತು ನೋಡಿದಳು, ಅವನ ಜೇಬು ನೋಡಿದಳು.

“ಬೆಳಿಗ್ಗೆನೇ ಗೊತ್ತಿತ್ತಾ?”

“ಗೊತ್ತಿತ್ತು.”

ಅವಳು ಬೈದಿದ್ದರೆ ಎಷ್ಟೋ ವಾಸಿಯಿತ್ತು. ತನ್ನ ಹಾಳೆಯನ್ನು ಮಡಿಸಿ ಅವನ ಬುತ್ತಿಯ ಪಕ್ಕ ಇಟ್ಟಳು.

“ಹಾಗಿದ್ರೆ ಇದು ನಿಂದು. ಯಜಮಾನರು ಹೊರಗಿದ್ದಾರೆ. ಗಿರಾಕಿಗಳೂ ಇದ್ದಾರೆ.”

ಕೌಂಟರಿನವರೆಗೆ ಎಂಟು ಹೆಜ್ಜೆ. ತಣ್ಣೀರಣ್ಣನ ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಯಜಮಾನರು ತಲೆಯೆತ್ತುವ ಮೊದಲೇ ಮಾತು ಶುರುಮಾಡಿದ, ಬಾಗಿಲ ಬಳಿ ನಿಂತವರಿಗೂ ಕೇಳುವಷ್ಟು ಜೋರಾಗಿ.