ಹಲಗೆಗೆ ಅಳೆಯದ ಕೋಣೆ

ನರ್ಸಮ್ಮ ಹೊರಗೆ ಬಂದು ತಲೆ ತಗ್ಗಿಸಿದಾಗ ಹಿರಿಯ ಬಡಗಿಯ ಕೈಯಲ್ಲಿ ಮಗನ ಚಪ್ಪಲಿಗಳಿದ್ದವು. ಬೆಳಿಗ್ಗೆ ಗರಗಸದ ಮಷಿನ್ನು ಎಸೆದ ಹಲಗೆ ಮಗನ ಹೊಟ್ಟೆಗೆ ಬಡಿದಿತ್ತು. "ಏನೂ ಆಗಿಲ್ಲಪ್ಪ" ಎಂದು ಮಲಗಿದವನನ್ನು ಮಧ್ಯಾಹ್ನ ಆಸ್ಪತ್ರೆಗೆ ಎತ್ತಿಕೊಂಡೇ ತರಬೇಕಾಯಿತು.

"ಒಂದು ತೊಟ್ಟು ರಕ್ತ ಬರಲಿಲ್ಲವಲ್ಲ, ತಾಯೀ?"

"ಒಳಗೇ ಹರಿದಿತ್ತು, ಅಜ್ಜ. ಪೆಟ್ಟು ಬಿದ್ದ ಕೂಡಲೇ ಕರ್ಕೊಂಡು ಬಂದಿದ್ರೆ..."

ತಿಂಗಳು ಕಳೆಯಿತು. ಮನೆಯ ಹಿಂದಿನ ಕೆಲಸದ ಕೋಣೆಗೆ ಹಿರಿಯ ಬೀಗ ಜಡಿದಿದ್ದ. ಒಳಗಿದ್ದದ್ದು ಟೇಬಲ್ ಗರಗಸ, ಮೇಜಿನ ನಡುವಿನಿಂದ ದುಂಡು ಬ್ಲೇಡು ಎದ್ದು ತಿರುಗುವ ಮಷಿನ್ನು. ಪಕ್ಕದಲ್ಲಿ, ಶಾಲೆಯೊಂದಕ್ಕೆ ಒಪ್ಪಿಕೊಂಡ ಇಪ್ಪತ್ತು ಕುರ್ಚಿಗಳ ಮರ. ಗಂಡನ ಜೊತೆ ಆರು ವರ್ಷ ಅಲ್ಲೇ ದುಡಿದ ಸೊಸೆ ಒಂದು ದಿನ ಬೀಗದ ಕೈ ಕೇಳಿದಳು.

"ಮಾವ, ಕುರ್ಚಿ ನಾನು ಮುಗಿಸ್ತೀನಿ. ಕಲಿತ ಕೆಲಸ ಬಿಟ್ಟು ಇನ್ನೇನು ಮಾಡ್ಲಿ?"

"ಈ ಮನೇಲಿ ಇನ್ನು ಗರಗಸ ತಿರುಗಬಾರದು. ಒಬ್ಬನನ್ನ ಕೊಟ್ಟಿದ್ದು ಸಾಲದಾ?"

ಸೊಸೆ ಬಿಡಲಿಲ್ಲ, ಸಾಣೆಯಕ್ಕನನ್ನು ಕರೆತಂದಳು. ಮೂವತ್ತು ವರ್ಷದಿಂದ ಬಡಗಿಗಳ ಬ್ಲೇಡುಗಳಿಗೆ ಸಾಣೆ ಹಿಡಿದವಳು. ಯಾವ ಮಷಿನ್ನಿನ ಗುಣ ಏನೆಂದು ಬಲ್ಲವಳು.

"ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ್ರಂತೆ," ಹಿರಿಯ ಗೊಣಗಿದ. "ಬುದ್ಧಿ ಹೇಳೋಕೆ ಈಗ ಬಂದ್ಯಾ?"

"ಕೋಟೆ ಒಳಗೆ ಇನ್ನೂ ಒಬ್ಬಳಿದ್ದಾಳಲ್ಲಣ್ಣ. ಬೀಗ ತೆಗಿ."

ಹಿರಿಯ ಬೀಗ ತೆಗೆದ. ಕೋಣೆಯ ಉದ್ದ ಹನ್ನೆರಡು ಅಡಿ. ನಟ್ಟನಡುವೆ ಮಷಿನ್ನು, ಅದರ ನಾಲ್ಕು ಕಾಲುಗಳ ಸುತ್ತ ಸೀಮೆಸುಣ್ಣದ ಗೆರೆ. ಮಗ ಆ ಗೆರೆ ಎಳೆದ ದಿನ ಅಳತೆ ಟೇಪಿನ ಇನ್ನೊಂದು ತುದಿ ಹಿಡಿದವನು ಹಿರಿಯನೇ.

ಸಾಣೆಯಕ್ಕ ವೈರು ಕಿತ್ತು, ಬ್ಲೇಡು ಇಳಿಸಿ, ಎಂಟಡಿ ಹಲಗೆಯೊಂದನ್ನು ತೆರೆದ ಬಾಗಿಲಿನ ಕಡೆಯಿಂದ ಮೇಜಿನ ಮೇಲೆ ಮೆಲ್ಲಗೆ ತಳ್ಳಿದಳು. ಬ್ಲೇಡಿನ ಜಾಗ ದಾಟಲು ಇನ್ನೂ ಎರಡಡಿ ಉಳಿದಿರುವಾಗಲೇ ಅದರ ತುದಿ ಎದುರುಗೋಡೆಗೆ ಟಕ್ಕೆಂದು ತಾಕಿತು. ತಾಕಿದ ಕಡೆ ಆಗಲೇ ಒಂದು ಗುಳಿ ಇತ್ತು.

"ಹಲಗೆ ಇಲ್ಲಿ ಸಿಕ್ಕಿಕೊಂಡಾಗ ನಿನ್ನ ಮಗ ಮಷಿನ್ನು ನಿಲ್ಲಿಸದೆ ಹಿಂದಕ್ಕೆ ಎಳೆದಿದ್ದಾನೆ. ತಿರುಗೋ ಬ್ಲೇಡು ಹಲಗೇನ ಕಚ್ಚಿ ಎಸೆದಿದೆ."

ಹಿರಿಯ ಆ ಗುಳಿಯನ್ನು ಬೆರಳಿನಿಂದ ಸವರಿದ. "ಮಷಿನ್ನಿಗೆ ಜಾಗ ಅಳೆದ್ವಿ," ಎಂದ. "ಹಲಗೆಗೆ ಅಳೀಲಿಲ್ಲ."

ಸೊಸೆ ಹಲಗೆಯನ್ನು ಮೇಜಿನಿಂದ ಇಳಿಸಿ ಗೋಡೆಗೆ ಒರಗಿಸಿದಳು.

"ಹಾಗಾದ್ರೆ ಯಾವ ಗರಗಸ ತರೋಣಕ್ಕ?" ಎಂದು ಕೇಳಿದಳು.

"ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು, ಕೋಣೆ ಇದ್ದಷ್ಟು ಹಲಗೆ. ಉದ್ದ ಹಲಗೇನ ನೇರಕ್ಕೆ ಸೀಳೋಕೆ ಟೇಬಲ್ ಗರಗಸವೇ ಸರಿ, ಆದ್ರೆ ಅದಕ್ಕೆ ಹಿಂದೆ ಮುಂದೆ ಬಯಲು ಬೇಕು. ನಿನ್ನ ಕುರ್ಚೀಲಿ ಮೂರಡಿಗಿಂತ ಉದ್ದದ್ದು ಏನಿದೆ? ಅಂಗಳದಲ್ಲಿ ಹಲಗೆ ಬಿಗಿದು, ಕೈಯಲ್ಲಿ ಹಿಡಿಯೋ ಕರೆಂಟಿನ ಗರಗಸದಿಂದ ತುಂಡು ಮಾಡ್ಕೋ. ಒಳಗೆ ಬ್ಯಾಂಡ್ ಗರಗಸ ಇಡು. ಅದರ ಪಟ್ಟಿ ಬ್ಲೇಡು ಮೇಲಿಂದ ಕೆಳಕ್ಕೆ ಓಡ್ತಾ ಮರವನ್ನ ಮೇಜಿಗೇ ಒತ್ತುತ್ತೆ, ಮೈಮೇಲೆ ಎಸೆಯಲ್ಲ. ಕುರ್ಚಿ ಬೆನ್ನಿನ ಬಾಗು ತುಂಡೂ ಅದರಲ್ಲೇ ಆಗುತ್ತೆ."

"ಅದು ಸಾಧುವಾ?" ಹಿರಿಯ ಕೇಳಿದ.

"ಹಲ್ಲಿರೋದು ಯಾವುದೂ ಸಾಧುವಲ್ಲಣ್ಣ. ಬೆರಳು ಕೊಟ್ರೆ ಅದೂ ಬೇಡ ಅನ್ನಲ್ಲ. ತುಂಡನ್ನ ಕೋಲಿನಿಂದ ತಳ್ಳಬೇಕು. ಸಡಿಲ ಬಟ್ಟೆ, ಬಿಟ್ಟ ಕೂದಲು, ಕೈಗವಸು ಯಾವುದೂ ಕೂಡದು. ಅಂಚು ಮಾತ್ರ ಒರಟು ಬರುತ್ತೆ, ಕೀಸಬೇಕು."

ಹಿರಿಯ ಅಟ್ಟದಿಂದ ತನ್ನ ಹಳೆಯ ಕೀಸುಳಿಯನ್ನು ಇಳಿಸಿ ಧೂಳು ಊದಿದ.

"ಕೀಸೋಕೆ ನಾನಿದ್ದೀನಿ. ಟೇಪು ಹಿಡಿ, ಮಗಳೇ. ಈ ಸಲ ಹಲಗೆಯಿಂದ ಅಳೆಯೋಣ."

ಮನೆಯಲ್ಲೇ ಮರಗೆಲಸ ಮಾಡುವ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ಗರಗಸದ ಗಾತ್ರಕ್ಕೆ ಮರುಳಾಗಬೇಡಿ. ನೀವು ಸೀಳುವ ಅತಿ ಉದ್ದದ ಹಲಗೆಯನ್ನು ಹಿಡಿದು, ಮಷಿನ್ನು ನಿಲ್ಲುವ ಜಾಗವನ್ನು ಮೊದಲು ಪೂರ್ತಿ ದಾಟಿಸಿ ನೋಡಿ. ಹಲಗೆ ಸಿಕ್ಕಿಕೊಂಡರೆ ಎಳೆಯಬೇಡಿ, ಸ್ವಿಚ್ಚು ಆರಿಸಿ. ಹೊಟ್ಟೆಗೆ ಪೆಟ್ಟು ಬಿದ್ದರೆ ರಕ್ತ ಕಾಣಲೆಂದು ಕಾಯದೆ ಆಸ್ಪತ್ರೆಗೆ ಹೋಗಿ.

ಎಲ್ಲರನ್ನೂ ಅಳೆದು ಕಡೆದ ದೇವರೇ, ಅಳತೆ ತಪ್ಪಿದ್ದು ನಮ್ಮದು. ಆ ಮಗನನ್ನು ಗೋಡೆಗಳಿಲ್ಲದ ನಿನ್ನ ಮನೆಗೆ ಸೇರಿಸಿಕೊಂಡು, ಅವನ ಆತ್ಮಕ್ಕೆ ಶಾಂತಿ ಕೊಡು.