ರೆಪ್ಪೆಯ ಮೇಲಿನ ಭಂಡಾರ

ಹತ್ತಿ ಎಷ್ಟು ಬೆಳ್ಳಗಿದೆ, ಅತ್ತೆಯ ಸುಕ್ಕು ಮೊಳಕೈ ಮಡಿಕೆಯಲ್ಲಿ, ಒಂದು ಹನಿ ಕೆಂಪು ಹೀರಿಕೊಂಡು — ಎಪ್ಪತ್ತೆರಡರ ಮುದುಕಿ ರೇವವ್ವ, ಮೊದಲು ನನ್ನ ನೆತ್ತರ ತಗೋರಿ ಅಂತ ಸೂಜಿಗೆ ಕೈಯೊಡ್ಡಿದಳಲ್ಲ, ರೇಣುಕಾ ಬೆಂಚಿನ ತುದಿಯಿಂದ ನೋಡುತ್ತಲೇ ಇದ್ದಾಳೆ, ಹೊರಗೆ ಮುದ್ದೇಬಿಹಾಳದ ಆಟೊಗಳ ಗದ್ದಲ, ಆಸ್ಪತ್ರೆಯ ಬಾಗಿಲಲ್ಲಿ ರೇಣುಕಾಳ ಒಬ್ಬನೇ ಮಗ ಕಾಂತು, ಇಪ್ಪತ್ಮೂರು ವರ್ಷ, ಒಳಗೆ ಬರಲೊಲ್ಲ, ನನಗೇನಾಗೇತಿ, ದಿನಾ ಕುರಿ ಹಿಂದ ಹತ್ತು ಮೈಲಿ ನಡಿತೇನಿ — ಹೌದು, ಅವನಪ್ಪ ಬೀರಣ್ಣನೂ ನಡೆಯುತ್ತಿದ್ದ, ತಾಂಬಾದ ಹೊಲದಲ್ಲಿ ಎದೆ ಹಿಡಿದು ಕೂತವನು ಏಳಲಿಲ್ಲ, ಮೂವತ್ತೊಂಬತ್ತಕ್ಕೆ, ಹೆಣದ ಮುಖ ತೊಳೆಯುವಾಗ ರೆಪ್ಪೆಯ ಒಳತುದಿಯಲ್ಲಿ ಆ ಹಳದಿ, ಅಕ್ಕಿಕಾಳಿನಷ್ಟು, ಒರೆಸಿದರೂ ಹೋಗದ ಹಳದಿ, ಒರಸಬ್ಯಾಡ ಬಿಡವಾ, ಬೀರಪ್ಪನ ಭಂಡಾರ ಅದು, ಅಂದಿದ್ದಳು ಅತ್ತೆ, ದೇವರೇ ಅರಿಶಿನ ಹಚ್ಚಿದ ಮನೆತನ ಅಂತ ಮೊದಲಿಂದಲೂ ಬೀಗಿದ್ದೇ ಬೀಗಿದ್ದು, ಅವನಿಗೆ ಅದು ಮೂಡಿದ ವರ್ಷ ಇದೇ ಅತ್ತೆ ಹೋಳಿಗೆ ಮಾಡಿ ಓಣಿಗೆಲ್ಲ ಹಂಚಿದ್ದಳು, ಅವಳ ಅಣ್ಣನೂ ಅದೇ ಹಳದಿ ಹೊತ್ತು ನಲವತ್ತರೊಳಗೆ ಹೋದವನು, ಯಾರೂ ಕೂಡಿಸಿ ನೋಡಲಿಲ್ಲ — ಕಳೆದ ವಾರ ಮೊಣಕಾಲು ನೋವಿಗೆಂದು ಹೋದ ಅತ್ತೆಯ ಕಣ್ಣಂಚಿನ ಅದೇ ಹಳದಿಯನ್ನೇ ನೋಡುತ್ತ ಕೂತರು ಡಾಕ್ಟರು ಸಂಘಮಿತ್ರಾ, ಅಜ್ಜಿ, ಇದು ನೆತ್ತರದಾಗಿನ ಜಿಡ್ಡರಿ, ಎದಿ ನರ ಕಟ್ಟತೈತಿ, ಮನಿತನದಾಗ ಹುಟ್ಟಿನಿಂದ್ಲೇ ಬರೂದು, ಎಲ್ಲಾ ದೇಶದಾಗೂ ಐತಿ, ಆದ್ರ ನಮ್ಮ ಮಂದಿಗೆ ಎದಿ ಬ್ಯಾನಿ ಬ್ಯಾರೆಯವರಿಗಿಂತ ಹತ್ತು ವರ್ಷ ಮೊದ್ಲ ಬರ್ತೈತಿ, ಗುಳಿಗಿ ಅದಾವು, ಮೊಮ್ಮಗನ್ನ ಕರ್ಕೊಂಡ ಬರ್ರಿ — ನಾಲ್ಕನೆಯ ದಿನ ಅತ್ತೆ ಬಸ್ಸು ಹತ್ತಿ ಝಳಕಿಯ ಕುರಿಹಟ್ಟಿಗೆ ಹೋಗಿ ಇವನನ್ನು ಎಳೆದು ತಂದಳು, ಎಂಥ ಗಟ್ಟಿ ಹೆಂಗಸು, ತನ್ನ ತಪ್ಪನ್ನು ತಾನೇ ಹೊತ್ತು ತಿರುಗುವ ಎದೆ ಯಾರಿಗಿದೆ, ಕಾಲಿಗೆ ಬೀಳಬೇಕೆನಿಸುತ್ತದೆ ರೇಣುಕಾಳಿಗೆ, ಅಷ್ಟರಲ್ಲಿ ಅತ್ತೆಯೇ ಎದ್ದಳು, ಹತ್ತಿ ಒತ್ತಿಕೊಂಡೇ ಬಾಗಿಲಿಗೆ ನಡೆದಳು, ಮೊಮ್ಮಗನ ಬೆರಳು ಹಿಡಿದು ತನ್ನ ರೆಪ್ಪೆಯ ಮೇಲೆ ಒತ್ತಿದಳು, ಒರಸೋ, ದೇವರ ಭಂಡಾರ ಆಗಿದ್ರ ಬೆರಳಿಗೆ ಹತ್ತಬೇಕಲ್ಲ, ನೋಡು, ಹತ್ತೇತೇನು, ಇದು ದೇವರು ಕೊಟ್ಟದ್ದಲ್ಲ, ನಾ ಕೊಟ್ಟದ್ದು, ನಿಮ್ಮಪ್ಪಗೂ ನಾನೇ ಕೊಟ್ಟೆ, ಕೊಟ್ಟು ಹೋಳಿಗಿ ಹಂಚಿದೆ, ಹುಚ್ಚಿ — ಕಾಂತು ತನ್ನ ಬೆರಳು ನೋಡಿಕೊಂಡ, ಬರೀ ಬೆರಳು, ಒಳಗೆ ಬಂದ, ಕೂತ, ಅಂಗಿಯ ತೋಳು ಮಡಚಿದ, ತೋಳ ಬಂದರೂ ಹೆದರದವನು ಸೂಜಿಗೆ ಗಟ್ಟಿಯಾಗಿ ಕಣ್ಣು ಮುಚ್ಚಿದ, ರೇಣುಕಾಳಿಗೆ ನಗು ಬಂತು, ಬಂದ ನಗು ಅಲ್ಲೇ ನಿಂತಿತು — ಮುಚ್ಚಿದ ರೆಪ್ಪೆಯ ಒಳತುದಿಯಲ್ಲಿ, ಸಾಸಿವೆಯಷ್ಟು, ಹಳದಿ.